ಸೀಸೆಗೆ ಸಿಗದ ನದಿತಳ

ತುಂಗಭದ್ರೆಯ ಗುಣಮಟ್ಟವನ್ನು ಸರ್ಕಾರ ಅಳೆಯುತ್ತಿದೆ ಎಂಬುದು ಅರ್ಧ ಸತ್ಯ. ಅಳೆಯುತ್ತಿರುವುದು ನೀರನ್ನು, ನದಿಯನ್ನಲ್ಲ. ಸಿಬ್ಬಂದಿಯೊಬ್ಬರು ನಿಗದಿತ ಸ್ಥಳಕ್ಕೆ ಬಂದು, ಹರಿವಿನಲ್ಲಿ ಸೀಸೆ ಮುಳುಗಿಸಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಸೀಸೆಯೊಳಗೆ ಬರುವುದು ಆ ಕ್ಷಣದಲ್ಲಿ ಅಲ್ಲಿ ಸಾಗಿಹೋಗುತ್ತಿದ್ದ ಒಂದಿಷ್ಟು ನೀರು. ಅದರ ಕೆಳಗೆ, ಮೊಣಕಾಲುದ್ದದ ಆಳದಲ್ಲಿ, ಬಂಡೆಯನ್ನು ಅಪ್ಪಿಕೊಂಡು ಬೆಳೆದಿರುವುದು ಏನು ಎಂಬುದನ್ನು ಸೀಸೆ ಹೇಳಲಾರದು. ಅದನ್ನು ಬರೆದುಕೊಳ್ಳುವ ಅಂಕಣವೂ ನಮೂನೆಯಲ್ಲಿಲ್ಲ.

ಹೊಸಪೇಟೆಯ ಅಣೆಕಟ್ಟೆಯಿಂದ ಕೆಳಗೆ ಹಂಪಿ, ಆನೆಗೊಂದಿ, ಕಂಪ್ಲಿಗಳವರೆಗಿನ ಹೊಳೆಯ ಸ್ವರೂಪವೇ ಈ ಪ್ರಶ್ನೆಯನ್ನು ಎತ್ತುತ್ತದೆ. ಪ್ರವಾಹದ ವರ್ಷಗಳಲ್ಲಿ ಗೇಟುಗಳು ತೆರೆದಾಗ ಪುರಂದರ ಮಂಟಪ ಮುಳುಗಿತೆಂಬ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಗೇಟುಗಳು ಮುಚ್ಚಿದ ಮೇಲಿನ ತಿಂಗಳುಗಳು ಮಾತ್ರ ಯಾರ ಸುದ್ದಿಯೂ ಅಲ್ಲ. ಆಗ ನೀರಿನ ದೊಡ್ಡ ಪಾಲು ಎಡದಂಡೆ, ಬಲದಂಡೆಗಳ ಕಾಲುವೆ ಹಿಡಿಯುತ್ತದೆ. ನದಿಗೆ ಉಳಿಯುವುದು ಅಲ್ಪ ಹರಿವು, ಗದ್ದೆಗಳಿಂದ ಬಸಿದು ಬಂದ ನೀರು, ಊರುಗಳ ಚರಂಡಿ. ಬಂಡೆಗಳ ನಡುವೆ ಕಾಲುವೆಯಂತೆ ಹರಿಯುವ ತಿಳಿನೀರು, ಅಲ್ಲಲ್ಲಿ ನಿಂತ ಮಡು, ತಳದವರೆಗೂ ಇಳಿಯುವ ಬಿಸಿಲು. ವಾರಗಟ್ಟಲೆ ಏರಿಳಿತವಿಲ್ಲದ ಇಂಥ ನೀರಿನಲ್ಲಿ ಕಲ್ಲುಗಳ ಮೇಲೆ ಕಪ್ಪು, ಕಂದು, ಗಾಢ ಹಸಿರು ಬಣ್ಣದ ಹಾಸು ಬೆಳೆಯಲು ಅಡ್ಡಿ ಏನೂ ಇಲ್ಲ. ಅದನ್ನು ಜನ ಪಾಚಿ ಎನ್ನುತ್ತಾರೆ, ಕಾಲು ಜಾರೀತೆಂದು ಎಚ್ಚರಿಸುತ್ತಾರೆ. ಆದರೆ ಪಾಚಿಗಳೆಲ್ಲ ಒಂದೇ ಅಲ್ಲ.

ಈ ಹಾಸುಗಳಲ್ಲಿ ಕೆಲವನ್ನು ಕಟ್ಟುವುದು ಸಯನೋಬ್ಯಾಕ್ಟೀರಿಯಾ, ರೂಢಿಯ ಮಾತಿನಲ್ಲಿ ನೀಲಿ-ಹಸಿರು ಪಾಚಿ. ಹೆಸರಿಗೆ ಪಾಚಿ, ಜಾತಿಯಿಂದ ಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಇವುಗಳಿಂದ. ಕೃಷಿ ವಿಜ್ಞಾನವಂತೂ ಇವುಗಳ ಗುಣಗಾನ ಮಾಡುತ್ತಲೇ ಬಂದಿದೆ. ಭತ್ತದ ಗದ್ದೆಯ ಫಲವತ್ತತೆಗೆ ಗಾಳಿಯ ಸಾರಜನಕವನ್ನು ಹಿಡಿದಿಡುವ ಈ ಜೀವಿಗಳೇ ಮುಖ್ಯ ಕಾರಣವೆಂದು ಪಿ. ಕೆ. ಡೇ 1939ರಲ್ಲಿಯೇ ತೋರಿಸಿಕೊಟ್ಟರು. ಅಜೋಲ್ಲಾದ ಎಲೆಯೊಳಗೆ ಮನೆಮಾಡಿರುವುದೂ ಇದೇ ಕುಲದ ಅನಬೀನಾ. ಈ ಕುಲದ ಬಗೆಗೆ ಜಗತ್ತು ಇಂದಿಗೂ ತೆರೆದು ನೋಡುವ ಟಿ. ವಿ. ದೇಶಿಕಾಚಾರಿ ಅವರ ಬೃಹದ್ಗ್ರಂಥ ‘ಸಯನೋಫೈಟಾ’ವನ್ನು 1959ರಲ್ಲಿ ಪ್ರಕಟಿಸಿದ್ದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು. ಆದ್ದರಿಂದ ತಿಳಿವಳಿಕೆಯ ಕೊರತೆ ಎಂಬ ನೆಪ ಈ ದೇಶದಲ್ಲಿ ಸಲ್ಲದು. ಗೊಬ್ಬರವೆಂದು ಕೊಂಡಾಡಿದ ಕುಲವನ್ನು ಅರ್ಧ ಶತಮಾನಕ್ಕೂ ಹಿಂದೆಯೇ ಹೆಸರು ಹೆಸರಾಗಿ ಗುರುತಿಸಿಟ್ಟ ದೇಶ, ಅದೇ ಕುಲದ ವಿಷವನ್ನು ಹುಡುಕಲು ಮಾತ್ರ ನದಿಗೆ ಇಳಿಯಲಿಲ್ಲ.

ವಿಷದ ವಿಚಾರವೂ ಹೊಸದಲ್ಲ. ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ದಡದಲ್ಲಿ ಕುರಿ, ದನ, ಕುದುರೆಗಳು ನೀರು ಕುಡಿದು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ 1878ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ. 1996ರಲ್ಲಿ ಬ್ರೆಜಿಲ್‌ನ ಕರುವಾರು ಎಂಬ ಊರಿನಲ್ಲಿ ಮೂತ್ರಪಿಂಡದ ರೋಗಿಗಳ ಡಯಾಲಿಸಿಸ್‌ಗೆ ಬಳಸಿದ ನೀರಿನಲ್ಲಿ ಈ ಜೀವಿಗಳ ವಿಷ ಬೆರೆತು 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲಿಡೊ ನಗರದ ಸುತ್ತಮುತ್ತ ಸುಮಾರು ಐದು ಲಕ್ಷ ಜನರಿಗೆ ನಲ್ಲಿಯ ನೀರು ಕುಡಿಯಬೇಡಿರೆಂದು ಆಜ್ಞೆ ಹೊರಟಿತು. ಕುದಿಸಿದರೂ ಪ್ರಯೋಜನವಿಲ್ಲ ಎಂಬುದು ಆ ಆಜ್ಞೆಯ ಭಾಗವೇ ಆಗಿತ್ತು. 2020ರಲ್ಲಿ ಬೋಟ್ಸ್ವಾನಾದಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿನ ಸರ್ಕಾರ ಹೇಳಿದ ಕಾರಣವೂ ಇದೇ.

ಇವೆಲ್ಲ ನಿಂತ ನೀರಿನ, ತೇಲುವ ಪಾಚಿಯ ಕಥೆಗಳು. ನೀರಿಗೆ ಬಣ್ಣ ಬಂದಾಗ ಕಣ್ಣಿಗಾದರೂ ಕಾಣುತ್ತದೆ. ತಳದಲ್ಲಿ ಬೆಳೆಯುವುದರ ಕಪಟ ಬೇರೆ ಬಗೆಯದು: ಮೇಲಿನ ನೀರು ಸ್ಫಟಿಕದಂತೆ ತಿಳಿಯಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳ ಹುಲ್ಲುಗಾವಲಿನಲ್ಲಿ ತಣ್ಣನೆಯ, ತಿಳಿಯಾದ, ಪೋಷಕಾಂಶ ಕಡಿಮೆಯಿರುವ ಕೊಳಗಳ ನೀರು ಕುಡಿದ ದನಗಳು ಸಾಯುತ್ತಿದ್ದವು. ಕಾರಣ ತಳದ ಹಾಸಿನಲ್ಲಿದೆ ಎಂದು ಸಂಶೋಧಕರು ಗುರುತಿಸಿದ್ದು 1990ರ ದಶಕದಲ್ಲಿ. ಫ್ರಾನ್ಸಿನ ಲೂ ನದಿಯ ದಡದಲ್ಲಿ 2003ರಲ್ಲಿ ನಾಯಿಗಳು ಸತ್ತವು. ನ್ಯೂಜಿಲೆಂಡಿನ ಹಟ್ ನದಿಯಲ್ಲಿ 2005ರ ನವೆಂಬರಿನಲ್ಲಿ ಅದೇ ಮರುಕಳಿಸಿತು. 2020ರಲ್ಲಿ ಅಮೆರಿಕದ ಜಿಯಾನ್ ರಾಷ್ಟ್ರೀಯ ಉದ್ಯಾನದ ವರ್ಜಿನ್ ನದಿಯಲ್ಲಿ ಆಡಿದ ನಾಯಿಮರಿಯೊಂದು ಸತ್ತಿತು. ಈ ಮೂರೂ ಹರಿಯುವ ನದಿಗಳು. ಸಾವಿಗೆ ಕಾರಣವಾದದ್ದು ಕಲ್ಲಿನ ಮೇಲಿನ ಹಾಸು, ಅದರೊಳಗಿನ ಅನಾಟಾಕ್ಸಿನ್ ಎಂಬ ನರವಿಷ.

ಅನಾಟಾಕ್ಸಿನ್ ನರ ಮತ್ತು ಸ್ನಾಯುಗಳ ನಡುವಣ ಸಂದೇಶವನ್ನು ಕೆಡಿಸುತ್ತದೆ. ಪ್ರಾಣಿ ನಡುಗುತ್ತದೆ, ಸೆಟೆಯುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಪ್ರಮಾಣ ಹೆಚ್ಚಾದರೆ ಇಷ್ಟಕ್ಕೆ ಕೆಲವು ನಿಮಿಷಗಳು ಸಾಕು. ಆರಂಭದ ದಿನಗಳಲ್ಲಿ ಕೆನಡಾದ ವಿಜ್ಞಾನಿಗಳು ಇದಕ್ಕೆ ಇಟ್ಟಿದ್ದ ಹೆಸರೇ ‘ಅತಿಶೀಘ್ರ ಮರಣಕಾರಿ ಅಂಶ’. ಇನ್ನೊಂದು ವಿಚಿತ್ರವೆಂದರೆ ಬಿಸಿಲಿನಲ್ಲಿ, ಕ್ಷಾರ ನೀರಿನಲ್ಲಿ ಈ ವಿಷ ಬೇಗನೆ ಒಡೆದುಹೋಗುತ್ತದೆ. ಕೊಂದವನು ಸಾಕ್ಷ್ಯವನ್ನೂ ಅಳಿಸಿಹೋದಂತೆ. ಹೊಳೆದಂಡೆಯಲ್ಲಿ ಕುರಿಯೊಂದು ಸೆಟೆದು ಸತ್ತರೆ ಕುರಿಗಾಹಿ ಹಾವು ಕಡಿಯಿತೆನ್ನುತ್ತಾನೆ, ಇಲ್ಲವೆ ಮೇವಿನ ದೋಷವೆನ್ನುತ್ತಾನೆ. ಹೊಟ್ಟೆಯೊಳಗಿನ ಪಾಚಿಯನ್ನು ತೆಗೆದು, ತಣ್ಣಗಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಇಲ್ಲದ ಕಡೆ ಆ ಮಾತನ್ನು ಅಲ್ಲಗಳೆಯುವುದಾದರೂ ಹೇಗೆ? ಇಂಥ ಘಟನೆ ಇಲ್ಲಿ ವರದಿಯಾಗಿಲ್ಲ ಎನ್ನುವವರು ವರದಿ ಹುಟ್ಟುವ ದಾರಿ ಎಲ್ಲಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

ತುಂಗಭದ್ರೆಯ ತಳದಲ್ಲೆಲ್ಲ ವಿಷ ಹಾಸಿದೆ ಎಂದು ಕೂಗುವುದು ಬೇಜವಾಬ್ದಾರಿ. ಒಂದೇ ಜಾತಿಯ ಹಾಸು ಒಂದು ಕಡೆ ವಿಷ ತಯಾರಿಸುತ್ತದೆ, ಇನ್ನೊಂದು ಕಡೆ ತಯಾರಿಸುವುದಿಲ್ಲ. ಕಣ್ಣಿಂದ ನೋಡಿ ಇದನ್ನು ಹೇಳಲಾಗದು. ಇಲ್ಲಿನ ಆಪಾದನೆ ನದಿಯ ಮೇಲಲ್ಲ, ಅಳತೆಯ ಮೇಲೆ.

ಅಳತೆಯೋ, ಅಣಕವೋ?

ರಾಷ್ಟ್ರೀಯ ಜಲ ಗುಣಮಟ್ಟ ನಿಗಾ ಕಾರ್ಯಕ್ರಮದಲ್ಲಿ ಸೀಸೆಯ ನೀರಿಗೆ ಮುಖ್ಯವಾಗಿ ಮಾಡುವ ಪರೀಕ್ಷೆಗಳು ಇವು: ಉಷ್ಣತೆ, ಆಮ್ಲ-ಕ್ಷಾರ ಸೂಚ್ಯಂಕ, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಬಿಓಡಿ, ನೈಟ್ರೇಟ್, ಕೋಲಿಫಾರ್ಮ್. ಸಾಂಪ್ರದಾಯಿಕ ಶುದ್ಧೀಕರಣದ ನಂತರ ಕುಡಿಯಲು ಯೋಗ್ಯವಾದ ‘ಸಿ’ ದರ್ಜೆಯ ನೀರೆನಿಸಲು ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆಯಿರಬಾರದು, ಬಿಓಡಿ 3 ಮಿಲಿಗ್ರಾಂ ಮೀರಬಾರದು, ಒಟ್ಟು ಕೋಲಿಫಾರ್ಮ್ 100 ಮಿಲಿಲೀಟರಿಗೆ 5000 ದಾಟಬಾರದು. ಚರಂಡಿಯ ಹೊಲಸನ್ನು ಹಿಡಿಯಲು ಈ ಅಳತೆಗೋಲು ಸಾಕು. ತಳದ ಪಾಚಿಯನ್ನು ಹಿಡಿಯಲು ಇದು ನಿಷ್ಪ್ರಯೋಜಕ ಮಾತ್ರವಲ್ಲ, ಕೆಲವೊಮ್ಮೆ ಮೋಸಗೊಳಿಸುವಂಥದ್ದು. ಬಿಸಿಲೇರಿದ ಹೊತ್ತಿನಲ್ಲಿ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ನೀರಿಗೆ ಆಮ್ಲಜನಕವನ್ನು ಸುರಿಯುತ್ತದೆ. ಇರುಳಿನಲ್ಲಿ ತಾನೇ ಅದನ್ನು ಹೀರುತ್ತದೆ. ಕಚೇರಿಯ ವೇಳೆಯಲ್ಲಿ ಬಂದ ಸೀಸೆಗೆ ಸಿಗುವುದು ಹಗಲಿನ ಲೆಕ್ಕ. ತಳದಲ್ಲಿ ಪಾಚಿ ಹೆಚ್ಚಿದಷ್ಟೂ ಮಧ್ಯಾಹ್ನದ ಆಮ್ಲಜನಕದ ಅಂಕ ಚೆನ್ನಾಗಿರುತ್ತದೆ! ಕಳ್ಳನ ಕೈಯಿಂದಲೇ ಕಾವಲುಗಾರನ ಪ್ರಮಾಣಪತ್ರ ಬರೆಯಿಸಿದ ಹಾಗೆ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಲುಷಿತ ನದಿಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ 17 ನದಿಗಳ ಸಾಲಿನಲ್ಲಿ ತುಂಗಾ, ಭದ್ರಾ, ತುಂಗಭದ್ರಾ ಮೂರೂ ಇದ್ದವು. ನಾಚಿಕೆಪಡಬೇಕಾದ ಈ ಪಟ್ಟಿಯ ಮಾನದಂಡವೂ ಬಿಓಡಿಯೊಂದೇ.

ಇನ್ನು ಕುಡಿಯುವ ನೀರಿನ ಮಾನಕ. 2012ರ ಭಾರತೀಯ ಮಾನಕ 10500ರಲ್ಲಿ ನೀರು ಪಾಚಿಯಿಂದಲೂ ವಿಷ ಉತ್ಪಾದಿಸುವ ಜೀವಿಗಳಿಂದಲೂ ಮುಕ್ತವಾಗಿರಬೇಕೆಂಬ ಮಾತಿದೆ. ಮಾತು ಚೆನ್ನಾಗಿದೆ. ಆದರೆ ಮೈಕ್ರೊಸಿಸ್ಟಿನ್ ಎಂಬ ಯಕೃತ್ತಿನ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1 ಮೈಕ್ರೋಗ್ರಾಂ ಎಂಬ ಮಿತಿಯನ್ನು 1998ರಲ್ಲಿಯೇ ಸೂಚಿಸಿದ್ದರೂ ಭಾರತದ ಮಾನಕದಲ್ಲಿ ಆ ಬಗೆಯ ಸಂಖ್ಯೆಯಿಲ್ಲ. ಸಂಖ್ಯೆಯಿಲ್ಲದ ಕಡೆ ಪರೀಕ್ಷೆ ಕಡ್ಡಾಯವಾಗದು, ಪರೀಕ್ಷೆಯಿಲ್ಲದ ಕಡೆ ಉಲ್ಲಂಘನೆಯೂ ಇರದು. ಕಾಗದದ ಮೇಲೆ ನೀರು ಸದಾ ನಿರ್ಮಲ.

ತುಂಗಭದ್ರಾ ಜಲಾಶಯದ ನೀರು ಹಸಿರುಗಟ್ಟಿದ ಸುದ್ದಿ, ಚಿತ್ರಗಳು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿವೆ. ಮೇಲಿನ ಊರುಗಳ ಚರಂಡಿ, ಹೊಲಗದ್ದೆಗಳ ಗೊಬ್ಬರ, ನಿಂತ ನೀರು, ಬಿಸಿಲು ಇಷ್ಟು ಕೂಡಿದ ಮೇಲೆ ಅಚ್ಚರಿಯೇನಿದೆ? ಪ್ರತಿ ಬಾರಿಯೂ ಕೇಳಿಬರುವ ಸಮಾಧಾನ, ಕೆಲವು ದಿನಗಳಲ್ಲಿ ಸರಿಹೋಗುತ್ತದೆ ಎಂಬುದು. ಮೇಲೆ ತೇಲಿದ್ದಕ್ಕೇ ಇಷ್ಟು ಉದಾಸೀನವಾದರೆ ತಳದಲ್ಲಿ ಅಂಟಿದ್ದನ್ನು ಕೇಳುವವರು ಯಾರು? 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ ಮಂತ್ರಿಗಳೂ ಕ್ಯಾಮೆರಾಗಳೂ ಸಾಲುಗಟ್ಟಿದರು, ವಾರದೊಳಗೆ ಹರಿವಿಗೆ ತಡೆಯೂ ಬಿತ್ತು. ಸದ್ದು ಮಾಡುವ ಅಪಾಯಕ್ಕೆ ಆಡಳಿತ ಓಡೋಡಿ ಬರುತ್ತದೆ.

ಹಳೆಯ ಅನುಭವವೊಂದನ್ನು ಇಲ್ಲಿ ನೆನೆಯಬೇಕು. 1984ರಲ್ಲಿ ಹರಿಹರದ ಬಳಿ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಹೊರನೀರಿನ ವಿರುದ್ಧ ನದಿದಂಡೆಯ ಹಳ್ಳಿಗಳೂ ಸಮಾಜ ಪರಿವರ್ತನ ಸಮುದಾಯವೂ ಹೋರಾಟಕ್ಕಿಳಿದದ್ದು ಅಂದಿನಿಂದ. 1974ರ ಜಲ ಕಾಯಿದೆ ಜಾರಿಯಾಗಿ ಹತ್ತು ವರ್ಷಗಳಾಗಿದ್ದವು, ಮಂಡಳಿಯೂ ಇತ್ತು. ಆದರೆ ನದಿ ಕೆಟ್ಟದ್ದನ್ನು ಮೊದಲು ಕಂಡದ್ದು ಮೀನು ಹಿಡಿಯುವವರ ಕಣ್ಣು, ನೀರು ಸೇದುವವರ ಮೂಗು. ನದಿಯನ್ನು ದಿನವೂ ನೋಡುವವರಿಗಿಂತ ದೊಡ್ಡ ಉಪಕರಣ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಬೆಟ್ಟದವರಿಗೇಕೆ ಹೊಳೆಯ ಚಿಂತೆ?

ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ ನಿಂತು ಈ ಮಾತು ಆಡಿದರೆ, ಅದಿರಿನ ಧೂಳು ಕುಡಿದವರಿಗೆ ಪಾಚಿಯ ಭಯವೇ ಎಂದು ಕೇಳುವವರಿದ್ದಾರೆ. ಹೊಸಪೇಟೆ-ಬಳ್ಳಾರಿ ರಸ್ತೆಯ ಈ ಊರು ಲಾರಿಗಳ ಕಾಲವನ್ನು ಕಂಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ್ದನ್ನೂ, ಆಮೇಲೆ ನಿಯಮಗಳ ಹೊದಿಕೆಯಲ್ಲಿ ಗಣಿಗಳು ಮರಳಿ ತೆರೆದದ್ದನ್ನೂ ಕಂಡಿದೆ. ಆದರೆ ಬೆಟ್ಟದ ಮಣ್ಣಿಗೂ ಹೊಳೆಯ ಪಾಚಿಗೂ ಸಂಬಂಧವಿಲ್ಲ ಎಂದುಕೊಳ್ಳುವುದು ತಪ್ಪು.

ನ್ಯೂಜಿಲೆಂಡಿನ ನದಿಗಳಲ್ಲಿ ನಡೆದ ಸಂಶೋಧನೆ ಒಂದು ಒಗಟನ್ನು ಬಿಡಿಸಿತು. ನೀರಿನಲ್ಲಿ ರಂಜಕ ತೀರ ಕಡಿಮೆಯಿರುವ ಕಡೆಯೂ ಮೈಕ್ರೊಕೋಲಿಯಸ್ ಎಂಬ ತಳಪಾಚಿ ದಟ್ಟವಾಗಿ ಬೆಳೆಯುತ್ತಿತ್ತು. ಅದಕ್ಕೆ ರಂಜಕ ಸಿಗುತ್ತಿದ್ದುದು ಎಲ್ಲಿಂದ? ಹಾಸು ತನ್ನ ಅಂಟಿನಲ್ಲಿ ನುಣ್ಣನೆಯ ಹೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಗಲು ಹಾಸಿನೊಳಗಿನ ನೀರು ತೀವ್ರ ಕ್ಷಾರವಾಗುತ್ತದೆ. ಇರುಳು ಅಲ್ಲಿ ಆಮ್ಲಜನಕ ಬತ್ತುತ್ತದೆ. ಈ ಎರಡೂ ಸ್ಥಿತಿಗಳಲ್ಲಿ ಹೂಳಿನ ಕಬ್ಬಿಣದ ಕಣಗಳಿಗೆ ಅಂಟಿದ್ದ ರಂಜಕ ಬಿಡುಗಡೆಯಾಗಿ ಪಾಚಿಯ ಬಾಯಿಗೆ ಬೀಳುತ್ತದೆ. ಹೂಳೇ ಅದರ ಬುತ್ತಿ. ಹೀಗಿರುವಾಗ ಸಂಡೂರಿನ ಬೆಟ್ಟಸಾಲಿನಿಂದ ಮಳೆಗಾಲದಲ್ಲಿ ಕೆಂಪಾಗಿ ಇಳಿಯುವ ಹಳ್ಳಗಳ ಕಬ್ಬಿಣಭರಿತ ನುಣುಪು ಮಣ್ಣನ್ನು ಕೇವಲ ಹೂಳಿನ ಸಮಸ್ಯೆಯೆಂದು ಬದಿಗಿಡಲು ಬರುವುದಿಲ್ಲ. ನಾರಿಹಳ್ಳ ಸಂಡೂರು ಕಣಿವೆಯ ನೀರನ್ನು ದರೋಜಿಯ ಕಡೆಗೆ ಒಯ್ಯುತ್ತದೆ. ಆ ನೀರಿನೊಡನೆ ಬೆಟ್ಟದ ಮಣ್ಣೂ ಹೋಗುತ್ತದೆ. ಹೂಳಿನ ಪ್ರಮಾಣಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ: 133 ಟಿಎಂಸಿ ಅಡಿ ಸಾಮರ್ಥ್ಯದಿಂದ ಆರಂಭವಾದದ್ದು ಈಗ ಸುಮಾರು 105.78ಕ್ಕೆ ಇಳಿದಿದೆ.

ಎರಡನೆಯದು, ಹೊಳೆಯ ನೀರು ಬೆಟ್ಟಕ್ಕೆ ಹತ್ತಿ ಬರುತ್ತಿದೆ. ಪಾಪಿನಾಯಕನಹಳ್ಳಿಯ ಹೆಸರಿನಲ್ಲಿಯೇ ಒಂದು ಏತ ನೀರಾವರಿ ಯೋಜನೆ ಇದೆ. ತುಂಗಭದ್ರೆಯ ನೀರನ್ನೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವುದು ಅದರ ಉದ್ದೇಶ. ಬತ್ತಿದ ಕೆರೆ ತುಂಬುವುದನ್ನು ಯಾರು ಬೇಡವೆಂದಾರು? ಆದರೆ ಪಂಪು ಎತ್ತುವುದು ಬರಿಯ ನೀರನ್ನಲ್ಲ. ಅದರೊಡನೆ ಸಾರಜನಕ, ರಂಜಕ, ಪಾಚಿಯ ಬೀಜಕಣಗಳೂ ಕೊಳವೆ ಹತ್ತುತ್ತವೆ. ಹರಿಯುವ ನದಿಗೆ ಪ್ರವಾಹವೆಂಬ ತೊಳೆತವಾದರೂ ಉಂಟು. ಕೋಡಿ ಬೀಳದ ಕೆರೆಗೆ ಅದೂ ಇಲ್ಲ. ನೀರು ಎಷ್ಟು ಟಿಎಂಸಿ ಎಂದು ಕೇಳುವ ಸಭೆಗಳಲ್ಲಿ ಎಂಥ ನೀರು ಎಂಬ ಪ್ರಶ್ನೆಯೂ ಬರಬೇಕು.

ಕುಡಿಯುವ ನೀರಿನ ವಿಚಾರ ಬಂದಾಗ ಹಳ್ಳಿಯ ಶುದ್ಧ ನೀರಿನ ಘಟಕವನ್ನು ತೋರಿಸಲಾಗುತ್ತದೆ. ಸುಸ್ಥಿತಿಯಲ್ಲಿರುವ ಆರ್‌ಓ ಯಂತ್ರ ಈ ವಿಷಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಮರಳಿನ ಸೋಸುಗ ನೀರಿನಲ್ಲಿ ಕರಗಿದ ವಿಷವನ್ನು ತಡೆಯದು. ಕ್ಲೋರಿನ್ ಜೀವಕೋಶವನ್ನು ಕೊಂದು ಒಳಗಿನ ವಿಷವನ್ನು ಹೊರಚೆಲ್ಲುತ್ತದೆ. ಸಾಕಷ್ಟು ಪ್ರಮಾಣ ಮತ್ತು ಸಮಯ ಸಿಕ್ಕರೆ ಮೈಕ್ರೊಸಿಸ್ಟಿನ್ ನಾಶವಾಗುತ್ತದೆ, ಅನಾಟಾಕ್ಸಿನ್ ಮಾತ್ರ ಕ್ಲೋರಿನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ. ಮೇಲಾಗಿ ಕುರಿಗೆ ನಾಣ್ಯ ಹಾಕಿ ನೀರು ಕುಡಿಯಲು ಬಾರದು. ಬಟ್ಟೆ ಒಗೆಯುವ ಹೆಂಗಸರು, ಈಜುವ ಹುಡುಗರು, ಹರಿಗೋಲಿನವರು, ತೀರ್ಥಸ್ನಾನಕ್ಕೆಂದು ಚಕ್ರತೀರ್ಥಕ್ಕೆ ಬರುವ ಯಾತ್ರಿಕರು, ಇವರೆಲ್ಲ ಯಂತ್ರದ ಹೊರಗಿನವರು. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರವೇ ಘೋಷಿಸಿತು. ಹೊರದೇಶಗಳಲ್ಲಿ ಮೊದಲು ಸತ್ತದ್ದು ಹೊಳೆಯಲ್ಲಿ ಆಡಿದ ನಾಯಿಗಳು ಎಂದ ಮೇಲೆ ಹಗಲಿರುಳು ಅದೇ ಬಂಡೆಗಳ ಮೇಲೆ ಬದುಕುವ ನೀರುನಾಯಿಯ ಸಲುವಾಗಿಯಾದರೂ ತಳವನ್ನು ನೋಡಬೇಡವೇ?

ನೆಪಗಳ ಸಾಲು

ಮೊದಲ ನೆಪ, ಇದು ರೈತರನ್ನು ದೂರುವ ಹುನ್ನಾರ ಎಂಬುದು. ಗಂಗಾವತಿ, ಕಂಪ್ಲಿ, ಸಿರುಗುಪ್ಪಗಳ ಭತ್ತದ ಗದ್ದೆಗಳಿಂದ ಸಾರಜನಕ ಬಸಿದು ಹೊಳೆ ಸೇರುವುದು ಸುಳ್ಳಲ್ಲ. ಎರಚಿದ ಯೂರಿಯಾದ ಸಾರಜನಕದಲ್ಲಿ ಪೈರು ಹೀರುವುದು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು, ಬಹಳವಾದರೆ ಅರ್ಧ. ಉಳಿದದ್ದು ಗಾಳಿಗೆ ಮತ್ತು ನೀರಿಗೆ. ಆದರೆ ಈ ಚಾಳಿಯನ್ನು ಕಲಿಸಿದವರು ಯಾರು? 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಹೊರಗಿಟ್ಟವರು ರೈತರಲ್ಲ. 45 ಕಿಲೋ ಚೀಲಕ್ಕೆ ತೆರಿಗೆ ಬಿಟ್ಟು 242 ರೂಪಾಯಿ ಎಂದು ಬೆಲೆ ಕಟ್ಟಿ, ಉಳಿದ ಗೊಬ್ಬರಗಳನ್ನು ದುಬಾರಿಯಾಗಿಸಿ, ಬಿಳಿ ಹರಳನ್ನೇ ಸುರಿಯಿರೆಂದು ಪರೋಕ್ಷವಾಗಿ ಹೇಳಿದ್ದು ದಿಲ್ಲಿಯ ನೀತಿ. ಮಿತನೀರಿನ ಬೆಳೆಗಳಿಗೆಂದು ರೂಪಿಸಿದ ಅಚ್ಚುಕಟ್ಟಿನಲ್ಲಿ ಭತ್ತ ಹರಡುವುದನ್ನು ದಶಕಗಳ ಕಾಲ ಕಂಡೂ ಕಾಣದಂತಿದ್ದದ್ದು ಆಡಳಿತ. ಎಲೆಬಣ್ಣದ ಪಟ್ಟಿಯನ್ನು ಹಿಡಿದು, ಪೈರು ಕೇಳಿದಾಗ ಮಾತ್ರ ಕಂತುಕಂತಾಗಿ ಯೂರಿಯಾ ಕೊಟ್ಟರೆ ಇಳುವರಿ ತಗ್ಗದೆ ಗೊಬ್ಬರ ಉಳಿಯುತ್ತದೆ. ಅಂಗೈಯಗಲದ ಈ ಪಟ್ಟಿ ಎಷ್ಟು ರೈತರ ಮನೆಯಲ್ಲಿದೆ ಎಂದು ಕೃಷಿ ಇಲಾಖೆ ಲೆಕ್ಕ ಕೊಡಲಿ. ಚರಂಡಿಯ ಪಾಲನ್ನು ಮರೆಮಾಚಿ ರೈತನೊಬ್ಬನನ್ನೇ ಕಟಕಟೆಗೆ ತರುವವರ ಮಾತನ್ನಂತೂ ಒಪ್ಪಲಾಗದು.

ಎರಡನೆಯ ನೆಪ ಪ್ರವಾಸೋದ್ಯಮ: ಹಂಪಿಯ ಹೊಳೆಯ ಬಗ್ಗೆ ಇಂಥ ಮಾತೆತ್ತಿದರೆ ಪ್ರವಾಸಿಗರು ಬಾರದೆ ಹೋದಾರು! ಹಟ್ ನದಿಯ ದಡದಲ್ಲಿ ಎಚ್ಚರಿಕೆಯ ಫಲಕ ನೆಟ್ಟ ನ್ಯೂಜಿಲೆಂಡಿಗೆ ಪ್ರವಾಸಿಗರು ಹೋಗುವುದನ್ನು ಬಿಟ್ಟಿಲ್ಲ. ಮೊಸಳೆಯಿದೆ ಎಂಬ ಫಲಕ ಹಂಪಿಯ ಹೊಳೆಗೆ ಹೊಸದೂ ಅಲ್ಲ.

ಮೂರನೆಯದು ನೆಪಕ್ಕಿಂತ ಅಪಾಯಕಾರಿ. ಅದು ಅವಸರದ ಪರಿಹಾರ. ಪಾಚಿ ಕಂಡಲ್ಲಿ ಮೈಲುತುತ್ತು ಸುರಿಯುವುದು ಕೆಲವರಿಗೆ ಹೊಳೆಯುವ ಮೊದಲ ಉಪಾಯ. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ಹೀಗೆಯೇ ಸುರಿದರು. ಪಾಚಿಯ ಕೋಶಗಳು ಒಡೆದು ವಿಷ ಒಮ್ಮೆಲೇ ನೀರಿಗಿಳಿಯಿತು. 148 ಜನ ಕಾಯಿಲೆ ಬಿದ್ದರು, ಬಹುಪಾಲು ಮಕ್ಕಳು. ಕೆರೆ ಸಮಿತಿಗಳು ಈ ಪ್ರಸಂಗವನ್ನು ಮರೆಯಬಾರದು.

ಹಣವಿಲ್ಲ ಎಂಬ ನೆಪಕ್ಕೆ ಉತ್ತರ ಒಂದು ಬಕೆಟ್ಟಿನಲ್ಲಿದೆ.

ಬಕೆಟ್ಟು, ಪುಸ್ತಕ, ಇಪ್ಪತ್ತು ನೋಟ

ನ್ಯೂಜಿಲೆಂಡ್ 2009ರಲ್ಲಿ ರೂಪಿಸಿದ ಮಾರ್ಗಸೂಚಿಯ ತಿರುಳು ಸರಳವಾಗಿದೆ. ತಳವನ್ನು ನೋಡು, ಹಾಸು ಎಷ್ಟು ಪಾಲು ಆವರಿಸಿದೆ ಎಂದು ಅಂದಾಜು ಮಾಡು. ಒಂದು ಮಿಲಿಮೀಟರಿಗಿಂತ ದಪ್ಪನಾದ ಹಾಸುಗಳು ಮಾತ್ರ ಲೆಕ್ಕಕ್ಕೆ. ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಹದಿನೈದು ದಿನಗಳಿಗೊಮ್ಮೆ ನೋಡಿದರೆ ಸಾಕು. 20ರಿಂದ 50ರವರೆಗೆ ಎಚ್ಚರಿಕೆಯ ಹಂತ. ವಾರವಾರವೂ ನೋಡಬೇಕು, ಫಲಕ ಹಾಕಬೇಕು, ಮಾದರಿಯನ್ನು ವಿಷಪರೀಕ್ಷೆಗೆ ಕಳಿಸಬೇಕು. 50 ಮೀರಿದರೆ, ಅಥವಾ ಹಾಸುಗಳು ಕಿತ್ತು ದಡದಲ್ಲಿ ರಾಶಿಬಿದ್ದರೆ, ಜನ-ಜಾನುವಾರುಗಳನ್ನು ದೂರವಿಡಬೇಕು. ಕಿತ್ತು ಬಂದ ರಾಶಿಯೇ ಹೆಚ್ಚು ಅಪಾಯಕಾರಿ. ಏಕೆಂದರೆ ಪ್ರಾಣಿಗಳು ನೀರಿಗೆ ಬಾಯಿಡುವುದು ಅಂಚಿನಲ್ಲಿಯೇ.

ಇದಕ್ಕೆ ಬೇಕಾದ ಸಲಕರಣೆ ಬಡಗಿಯ ಅಂಗಡಿಯಲ್ಲಿ ಸಿದ್ಧವಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ತಳವನ್ನು ದುಂಡಗೆ ಕೊಯ್ದು ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಎಂ-ಸೀಲ್ ಹಚ್ಚಿ ಕೂರಿಸಿದರೆ ಸಾಕು. ನೀರಿನ ಮೇಲೆ ಇಟ್ಟು ಬಗ್ಗಿ ನೋಡಿದರೆ ಅಲೆಯ ಮಿನುಗು ಕಣ್ಣಿಗೆ ಅಡ್ಡಬಾರದೆ ತಳ ಸ್ಪಷ್ಟವಾಗಿ ಕಾಣುತ್ತದೆ. ದಡದಿಂದ ಒಳಕ್ಕೆ ನಾಲ್ಕು ಗೆರೆಗಳು, ಪ್ರತಿ ಗೆರೆಯಲ್ಲಿ ಐದು ಕಡೆ ನೋಟ. ಒಟ್ಟು ಇಪ್ಪತ್ತರ ಸರಾಸರಿಯೇ ಆ ದಿನದ ಅಂಕ. ಹೊಳಪಿನ ಹಸಿರು, ಕೂದಲಿನಂತೆ ಉದ್ದಕ್ಕೆ ತೂಗಾಡುವುದು ಸಾಮಾನ್ಯವಾಗಿ ಬೇರೆ ಪಾಚಿ, ಅದನ್ನು ಬೇರೆಯಾಗಿ ಬರೆಯಬೇಕು. ತೆಳುವಾದ ಕಂದು ಲೋಳೆಯೂ ಬೇರೆ. ಹುಡುಕಬೇಕಾದದ್ದು ಚರ್ಮದಂತೆ ಅಥವಾ ಮಖಮಲ್ಲಿನಂತೆ ಕಲ್ಲಿಗೆ ಹತ್ತಿ, ಪದರವಾಗಿ ಏಳುವ, ಕಪ್ಪು-ಕಂದು-ಗಾಢ ಹಸಿರಿನ, ಮಣ್ಣಿನ ವಾಸನೆ ಬೀರುವ ಹಾಸು. ಬರಿಗೈಯಲ್ಲಿ ಕೀಳಬಾರದು, ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು. ಮಡುವಿನ ಸುಳಿಯನ್ನೂ ಮೊಸಳೆಯ ಜಾಗವನ್ನೂ ಬಲ್ಲ ಅಂಬಿಗರಿಲ್ಲದೆ ವಿದ್ಯಾರ್ಥಿಗಳು ಹೊಳೆಗೆ ಹೋಗಲೇಬಾರದು.

ಈ ಕೆಲಸಕ್ಕೆ ಜನರೂ ಇದ್ದಾರೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನ ನಿಯಮದಂತೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಪೆಟ್ಟಿಗೆಯ ತರಬೇತಿ ಸಿಗಬೇಕು. ಫ್ಲೋರೈಡು, ನೈಟ್ರೇಟು ನೋಡುವ ಅದೇ ಕೈಗಳಿಗೆ ಕಲ್ಲು ನೋಡುವುದು ಕಷ್ಟವಲ್ಲ. ಸಂಡೂರಿನ ನಂದಿಹಳ್ಳಿಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ, ಹೊಸಪೇಟೆಯಲ್ಲಿ ಪದವಿ ಕಾಲೇಜುಗಳಿವೆ. ಒಂದು ಸೂಕ್ಷ್ಮದರ್ಶಕ ಮತ್ತು ದೇಶಿಕಾಚಾರಿಯವರ ಗ್ರಂಥವಿದ್ದರೆ ಕುಲವನ್ನು ಗುರುತಿಸುವ ಕೆಲಸ ಅಲ್ಲಿಯೇ ಆಗುತ್ತದೆ. ವಿಷದ ಪ್ರಮಾಣ ಅಳೆಯುವುದು ಮಾತ್ರ ದುಬಾರಿ ಕೆಲಸ. ಅದು ಸರ್ಕಾರದ ಹೊಣೆ, ಅದನ್ನು ಜನರ ಹೆಗಲಿಗೆ ಜಾರಿಸಲು ಬಿಡಕೂಡದು.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ನಮೂನೆಯಲ್ಲಿ ನದಿತಳಕ್ಕೆ ಒಂದು ಅಂಕಣ ಸೇರಲಿ. ಗೇಟು ಮುಚ್ಚಿದ ದಿನದಿಂದ ಮುಂಗಾರಿನವರೆಗೆ ಅಣೆಕಟ್ಟೆಯ ಕೆಳಗೆ, ಹಂಪಿಯಲ್ಲಿ, ಆನೆಗೊಂದಿಯಲ್ಲಿ, ಕಂಪ್ಲಿಯಲ್ಲಿ ಹದಿನೈದು ದಿನಗಳಿಗೊಮ್ಮೆ ನೋಟ ನಡೆಯಲಿ. ಹೊಳೆದಂಡೆಯಲ್ಲಿ ಹಠಾತ್ತನೆ ಸತ್ತ ಜಾನುವಾರಿನ ಹೊಟ್ಟೆಯ ಮಾದರಿಯನ್ನು ಪಶುವೈದ್ಯಾಧಿಕಾರಿ ಶೈತ್ಯದಲ್ಲಿ ಕಳಿಸುವುದು ಕಡ್ಡಾಯವಾಗಲಿ. ಏತ ನೀರಾವರಿಯಿಂದ ಕೆರೆ ತುಂಬಿಸುವ ಮೊದಲು ನದಿನೀರಿನ ಸಾರಜನಕ ಮತ್ತು ರಂಜಕಗಳ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಬೇಸಿಗೆಯಲ್ಲಿ ಅಣೆಕಟ್ಟೆಯಿಂದ ಒಮ್ಮೆಲೇ ನೀರು ಬಿಟ್ಟಾಗ ಬಂಡೆಯ ಹಾಸುಗಳು ಕಿತ್ತು ಕೆಳಗಿನ ದಡಗಳಿಗೆ ಬರುತ್ತವೆ. ನೀರು ಬಿಡುವ ಹಿಂದಿನ ದಿನವೇ ಕುರಿಗಾಹಿಗಳಿಗೆ ಡಂಗುರ ತಲುಪಲಿ.

ಮಂಡಳಿ ಒಪ್ಪುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಮುಂದಿನ ಗೇಟು ಮುಚ್ಚುವ ಹೊತ್ತಿಗೆ ಬಕೆಟ್ಟು ಸಿದ್ಧವಾಗಲಿ. ದಿನಾಂಕ, ಸ್ಥಳ, ಇಪ್ಪತ್ತು ಅಂಕಗಳು, ದಡದಲ್ಲಿ ರಾಶಿಯಿದೆಯೋ ಇಲ್ಲವೋ, ನೋಡಿದವರ ಸಹಿ: ಇಷ್ಟು ಬರೆದ ಪುಸ್ತಕ ಗ್ರಾಮ ಪಂಚಾಯಿತಿಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರಲಿ, ಅದರ ಪ್ರತಿ ತಿಂಗಳಿಗೊಮ್ಮೆ ಸ್ವೀಕೃತಿ ಪಡೆದು ಮಂಡಳಿಯ ಕಚೇರಿಗೆ ಸೇರಲಿ.